ಚಪ್ಪಾಳೆಗೆ ತುಸು ತಡೆಯಿರಿ

ಓದುತ್ತಿರುವ ಮಗಳನ್ನೋ ಮಗನನ್ನೋ ನೋಡಲು ಅಮೆರಿಕಕ್ಕೆ ಹೋದವರು ಒಂದು ಸಂಜೆಯನ್ನು ಅಲ್ಲಿನ ವಿಶ್ವವಿದ್ಯಾಲಯದ ಸಿಂಫನಿ ಆರ್ಕೆಸ್ಟ್ರಾಕ್ಕೆ ಮೀಸಲಿಡಿ. ಎಷ್ಟೋ ಕಡೆ ಪ್ರವೇಶ ಉಚಿತ. ವಿದ್ಯಾರ್ಥಿಗಳು ತಾನೇ ಎಂದು ಹಗುರ ಮಾಡಬೇಡಿ. ಹಾರ್ವರ್ಡ್ ವಾದ್ಯವೃಂದದ ಬೇರು 1808ರಷ್ಟು ಹಳೆಯದು.

ಹತ್ತು ನಿಮಿಷ ಮೊದಲೇ ಹೋಗಿ ಕೂತುಬಿಡಿ. ಶ್ರುತಿ ಕೂಡಿಸುವುದನ್ನು ತಪ್ಪಿಸಿಕೊಳ್ಳಬಾರದು. ತಂಬೂರಿಯಿಲ್ಲದ ಆ ವೇದಿಕೆಯಲ್ಲಿ ಓಬೋ ಎಂಬ ತೆಳ್ಳನೆಯ ಕರಿಯ ಊದುವಾದ್ಯ ಒಂದೇ ಸ್ವರ ಹಿಡಿದು ನಿಲ್ಲುತ್ತದೆ. ಉಳಿದ ಊದುವಾದ್ಯಗಳು, ಪಿಟೀಲುಗಳು, ಚೆಲ್ಲೋಗಳು ಗುಂಪುಗುಂಪಾಗಿ ಬಂದು ಅದನ್ನು ಸೇರುತ್ತವೆ. ನನಗಂತೂ ಕಛೇರಿ ಶುರುವಾಗುವುದೇ ಅಲ್ಲಿಂದ.

ನಮ್ಮಲ್ಲಿ 'ಭೇಷ್' ಎನ್ನುತ್ತೇವೆ, ತೊಡೆಯ ಮೇಲೆ ತಾಳ ಹಾಕುತ್ತೇವೆ. ಇಲ್ಲಿ ಅದು ಬೇಡ. ಸಿಂಫನಿಗೆ ಸಾಮಾನ್ಯವಾಗಿ ನಾಲ್ಕು ಭಾಗ, ನಡುನಡುವೆ ಮೌನ. ಎಲ್ಲ ಮುಗಿದು ನಿರ್ದೇಶಕರು ಕೈ ಇಳಿಸಿದ ಮೇಲೆಯೇ ಚಪ್ಪಾಳೆ. ಕೆಮ್ಮಿದ್ದರೆ ಪೆಪ್ಪರ್‌ಮಿಂಟಿನ ಕಾಗದ ಮೊದಲೇ ಬಿಚ್ಚಿಟ್ಟುಕೊಳ್ಳಿ. ಆ ಪರಪರ ಸದ್ದು ನಾಲ್ಕು ಸಾಲು ಆಚೆಗೂ ಕೇಳುತ್ತದೆ.

1893ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಕೇಳಿಬಂದ, ದ್ವೊರ್ಝಾಕ್ ರಚಿಸಿದ 'ನ್ಯೂ ವರ್ಲ್ಡ್' ಸಿಂಫನಿ ಅಂದಿನ ಪಟ್ಟಿಯಲ್ಲಿದ್ದರೆ ನಿಮ್ಮ ಪುಣ್ಯ. ಎರಡನೆಯ ಭಾಗದಲ್ಲಿ ಇಂಗ್ಲಿಷ್ ಹಾರ್ನ್ ಒಂಟಿಯಾಗಿ ಹಾಡುತ್ತದೆ. ಪರೀಕ್ಷೆ, ಪ್ರಾಜೆಕ್ಟುಗಳ ನಡುವೆ ಅಭ್ಯಾಸಕ್ಕೆ ಬಿಡುವು ಮಾಡಿಕೊಂಡ ಹುಡುಗಿಯೋ ಹುಡುಗನೋ ಉಸಿರು ಬಿಗಿಹಿಡಿದು ಅದನ್ನು ಊದುತ್ತಿರುತ್ತಾರೆ. ಕೊನೆಯಲ್ಲಿ ನಿರ್ದೇಶಕರು ಆ ಮಗುವನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಆಗ ಮಾತ್ರ ಕೈ ಬಿಗಿಹಿಡಿಯಬೇಡಿ, ಜೋರಾಗಿ ತಟ್ಟಿ.