ಬಾವಿ ಈಜು ಬೇರೆ, ಸ್ಕೂಬಾ ಬೇರೆ

ಸೆಮ್ ಎಕ್ಸಾಂ ಮುಗಿದ ಮೇಲೆ ಲಕ್ಷದ್ವೀಪಕ್ಕೆ ಹೋಗೋಣ ಅಂತ ನಮ್ಮ ರೂಮಿನಲ್ಲಿ ಪ್ಲ್ಯಾನ್ ನಡೆದಿದೆ. ಡೈವಿಂಗ್ ಅಂದ ಕೂಡಲೇ ಮೂಡಲಗಿಯ ಗೆಳೆಯ ಹೇಳಿದ: "ನಾ ಸಣ್ಣಾಂವ ಇದ್ದಾಗಿಂದ ಬಾವ್ಯಾಗ ಈಜಿದಾಂವ. ನಮ್ಮ ಕಾಕಾ ಒಂದ ಮಾತ ಕಲಿಸ್ಯಾನ: ಉಸಿರ ಬಿಗಿ ಹಿಡಿ, ಮ್ಯಾಲ ಬರೂತನಕಾ ಬಿಡಬ್ಯಾಡ." ಬಾವಿಯಲ್ಲಿ ಈ ಮಾತು ಸರಿ. ಸ್ಕೂಬಾದಲ್ಲಿ ಇದೇ ಮಾತು ಜೀವ ತೆಗೆಯಬಹುದು. ಯಾಕೆ ಅಂತ ನೋಡೋಣ. ಪಿಯುಸಿ ಫಿಸಿಕ್ಸ್ ಸಾಕು.

ಮೊದಲು ಜಾಗ. ನಾವು ನೋಡಿಟ್ಟಿರೋದು ಕಡಮತ್ ದ್ವೀಪ. ಸುಮಾರು 9 ಕಿ.ಮೀ. ಉದ್ದ, ಅಗಲ ಹೆಚ್ಚಂದ್ರೆ ಅರ್ಧ ಕಿ.ಮೀ. ಚಿಲ್ಲರೆ. ಲಕ್ಷದ್ವೀಪದ 36 ದ್ವೀಪಗಳಲ್ಲಿ ಜನವಸತಿ ಇರುವ 10ರಲ್ಲಿ ಇದೂ ಒಂದು. 1956ರವರೆಗೆ ಇದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು! ಈಗ ನಾವು ಹೋಗಬೇಕಂದ್ರೆ ಪರ್ಮಿಟ್ ಬೇಕು.

ಒತ್ತಡ: ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಡ್ಯಾಮ್ ನೆನಪಿಸಿಕೊಳ್ಳಿ. ಡ್ಯಾಮಿನ ಬುಡ ದಪ್ಪ ಇರೋದಕ್ಕೆ ಒಂದು ಕಾರಣ, ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ. ಪ್ರತಿ 10 ಮೀಟರಿಗೆ ಸುಮಾರು 1 ಅಟ್ಮಾಸ್ಫಿಯರ್. ಗೋಕಾಕ ಫಾಲ್ಸಿನ ಎತ್ತರ ಸುಮಾರು 52 ಮೀಟರ್. ಅಷ್ಟು ಆಳದ ನಿಂತ ನೀರಿನ ತಳದಲ್ಲಿ ಗಾಳಿಯ 1 ಸೇರಿ 6 ಅಟ್ಮಾಸ್ಫಿಯರ್ ದಾಟುತ್ತದೆ.

ಸ್ನಾರ್ಕೆಲ್: ಪೈಪ್ ಉದ್ದ ಮಾಡಿದ್ರೆ ಆಳಕ್ಕೆ ಹೋಗಬಹುದಲ್ಲ? ಆಗಲ್ಲ. ಒಂದು ಮೀಟರ್ ಆಳದಲ್ಲೇ ಎದೆಯ ಮೇಲೆ ನೀರು ಒತ್ತುತ್ತದೆ, ಪೈಪಿನ ಗಾಳಿ ಮಾತ್ರ ಮೇಲಿನ ಒತ್ತಡದಲ್ಲೇ ಇರುತ್ತದೆ. ಉಸಿರು ಎಳೆಯೋದೇ ಕಷ್ಟ. ಅದಕ್ಕೇ ಸ್ನಾರ್ಕೆಲ್ ಗಿಡ್ಡ.

ಸ್ಕೂಬಾ: ಇಲ್ಲಿ ರೆಗ್ಯುಲೇಟರ್ ಸುತ್ತಲಿನ ನೀರಿನ ಒತ್ತಡಕ್ಕೆ ಸಮವಾಗಿ ಗಾಳಿ ಕೊಡುತ್ತದೆ. 10 ಮೀಟರ್ ಆಳದಲ್ಲಿ 2 ಅಟ್ಮಾಸ್ಫಿಯರಿನ ಗಾಳಿ 5 ಲೀಟರ್ ತುಂಬಿಕೊಂಡು, ಉಸಿರು ಬಿಗಿ ಹಿಡಿದು ಮೇಲೆ ಬಂದ್ರಿ ಅನ್ನಿ. ಬಾಯ್ಲ್ ನಿಯಮದಂತೆ ಅದು 10 ಲೀಟರ್ ಆಗಬೇಕು. ಶ್ವಾಸಕೋಶದಲ್ಲಿ ಅಷ್ಟು ಜಾಗ ಇಲ್ಲ, ಹರಿಯುತ್ತದೆ. 30ರಿಂದ 20 ಮೀಟರಿಗೆ ಬಂದರೆ ಗಾಳಿ 1.33 ಪಟ್ಟು ಹಿಗ್ಗುತ್ತದೆ, ಕೊನೆಯ 10 ಮೀಟರಿನಲ್ಲಿ 2 ಪಟ್ಟು. ಅಂದರೆ ಮೇಲ್ಮೈ ಹತ್ತಿರವೇ ಹೆಚ್ಚು ಅಪಾಯ. ಆದ್ದರಿಂದ ಮೊದಲ ನಿಯಮ: ಉಸಿರಾಟ ನಿಲ್ಲಿಸಬೇಡಿ, ನಿಧಾನ ಮೇಲೆ ಬನ್ನಿ.

ವಿಮಾನ: ಒತ್ತಡದಲ್ಲಿ ರಕ್ತಕ್ಕೆ ಹೆಚ್ಚು ನೈಟ್ರೋಜನ್ ಕರಗುತ್ತದೆ (ಹೆನ್ರಿ ನಿಯಮ). ಒತ್ತಡ ತಟ್ಟನೆ ಇಳಿದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆ ಏಳುತ್ತವೆ. ವಿಮಾನದೊಳಗೂ ಒತ್ತಡ ಕಡಿಮೆ. ಹಾಗಾಗಿ ಹಲವು ಡೈವ್ ಮಾಡಿದವರು ಕನಿಷ್ಠ 18 ಗಂಟೆ ಬಿಟ್ಟೇ ಅಗತ್ತಿಯಿಂದ ವಿಮಾನ ಹತ್ತಬೇಕು.

ಇಷ್ಟು ಕೇಳಿ ಗೆಳೆಯ, "ಹಂಗಾರ ಕಾಕಾ ಹೇಳಿದ್ದ ತಪ್ಪಾ?" ಅಂದ. ತಪ್ಪಲ್ಲ. ಬಾವಿಗೆ ಹಾರುವಾಗ ನಾವು ಒಯ್ಯೋದು ದಂಡೆಯ ಮೇಲಿನ ಗಾಳಿ. ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸ್ಕೂಬಾದಲ್ಲಿ ಉಸಿರು ತಗೊಳ್ಳೋದೇ ಕೆಳಗೆ. ಗಾಬರಿಯಾದಾಗ ಕೈಕೊಡೋದು ಹಳೆಯ ಅಭ್ಯಾಸವೇ. ಅದಕ್ಕೆ ಚೆನ್ನಾಗಿ ಈಜು ಬರುವವರೇ ಮೊದಲು ಕಡಿಮೆ ಆಳದಲ್ಲಿ, ತರಬೇತುದಾರರ ಪಕ್ಕದಲ್ಲಿ, ಉಸಿರು ಬಿಡೋದನ್ನ ಕಲಿಯಬೇಕು.