ಕೋಣನ ಮುಂದೆ ಕಿನ್ನರಿ

“ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕಿನ್ನರಿಯೆಂದರೆ ಬಿದಿರಿನ ದಂಡಿಗೆಗೆ ಸೋರೆಬುರುಡೆಗಳನ್ನು ಕಟ್ಟಿದ ತಂತಿವಾದ್ಯ. 13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತ ರತ್ನಾಕರ’ದಲ್ಲಿ ಇದನ್ನು ವರ್ಣಿಸಿದ್ದಾನೆ. ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿನಲ್ಲಿಯೂ ಅದು ಉಳಿದಿದೆ. ಇಂಥ ವಾದ್ಯದ ಸವಿ ಕೋಣಕ್ಕೆ ತಿಳಿಯದೆಂಬುದು ಗಾದೆಯ ಭಾವ. ಹಳ್ಳಿಯಿಂದ ಬಂದ ನಮ್ಮಂಥವರನ್ನು ಕುರಿತು ಇದನ್ನು ಆಡುವುದುಂಟು. ಆದುದರಿಂದ ಇದನ್ನು ಸ್ವಲ್ಪ ವಿಚಾರ ಮಾಡಬೇಕೆನಿಸಿತು.

ಚೀನಾ ದೇಶದಲ್ಲಿಯೂ ‘ಹಸುವಿನ ಮುಂದೆ ಛಿನ್ ನುಡಿಸುವುದು’ ಎಂಬ ನುಡಿಗಟ್ಟುಂಟು. ಛಿನ್ ಎಂಬುದು ಅಲ್ಲಿನ ಪಂಡಿತರ ತಂತಿವಾದ್ಯ. ಬೌದ್ಧಧರ್ಮವನ್ನು ಸಮರ್ಥಿಸುವ ಮೌತ್ಸು ಎಂಬವನ ಪ್ರಾಚೀನ ಸಂವಾದಗ್ರಂಥದಲ್ಲಿ ಇದರ ಕಥೆ ಬರುತ್ತದೆ. ಗುಂಗ್‌ಮಿಂಗ್ ಯೀ ಎಂಬ ವಾದಕನು ಹಸುವಿನ ಮುಂದೆ ಘನವಾದ ರಾಗವೊಂದನ್ನು ನುಡಿಸಿದನು. ಹಸು ಮೇಯುತ್ತಲೇ ಇದ್ದಿತು. ಬಳಿಕ ಅದೇ ತಂತಿಗಳಲ್ಲಿ ನೊಣದ ಗುಂಯ್‌ಗಾರವನ್ನೂ ತಬ್ಬಲಿ ಕರುವಿನ ಕೂಗನ್ನೂ ನುಡಿಸಿದನು. ಹಸು ಬಾಲ ಬೀಸಿ, ಕಿವಿ ನಿಮಿರಿಸಿ ಆಲಿಸಿತು. ಹಸುವಿಗೆ ಮೊದಲ ರಾಗ ಕೇಳಿಸದೆ ಇರಲಿಲ್ಲ, ಅದರ ಕಿವಿಗೆ ಒಗ್ಗಲಿಲ್ಲ ಎಂಬುದು ಮೌತ್ಸುವಿನ ವಾದ. ಚೀನೀ ಪಂಡಿತರೊಡನೆ ಮಾತನಾಡುವಾಗ ಬೌದ್ಧಸೂತ್ರಗಳನ್ನು ಬಿಟ್ಟು, ಅವರು ಓದಿದ್ದ ಗ್ರಂಥಗಳನ್ನೇ ಉದಾಹರಿಸಿದ್ದೇಕೆಂದು ಕೇಳಿದವನಿಗೆ ಅವನು ಹೇಳಿದ ಉತ್ತರವಿದು.

ನಮ್ಮ ಸೀಮೆಯವರಿಗೆ ಈ ತತ್ತ್ವ ಹೊಸದಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಡೆಯ ಕಾಡುಗೊಲ್ಲರು ಪೂಜಿಸುವ ಜುಂಜಪ್ಪನು ದನಗಾಹಿ ವೀರ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಜುಂಜಪ್ಪನ ಗುಡ್ಡೆಯಿದೆ. ಗಣೆಯೆಂಬ ಉದ್ದನೆಯ ಬಿದಿರು ಕೊಳಲನ್ನು ಊದಿ ಅವನ ಕಥೆಯನ್ನು ಹಾಡುತ್ತಾರೆ. ದನವನ್ನು ಬಲ್ಲವರ ಕೈಯಲ್ಲಿ ಬೆಳೆದ ಸಂಗೀತವದು.

ನಮ್ಮ ಮನೆಯಲ್ಲಿ ಬಿ.ಎ. ತರಗತಿಯವರೆಗೆ ಬಂದವನು ನಾನೇ ಮೊದಲಿಗ. ಹೀಗಾಗಿ ಮನೆಗೆ ಬಂದ ಕಾಗದಗಳನ್ನು ಓದಿ ಹೇಳುವ ಕೆಲಸ ನನ್ನದು. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯ ಕಾಗದದಲ್ಲಿ ‘ವಿಮಾ ಘಟಕ’ ಎಂಬ ಮಾತಿದೆ. ಅದನ್ನು ಇದ್ದಂತೆಯೇ ಓದಿದರೆ ಕೇಳಿದವರು ಸುಮ್ಮನೆ ತಲೆಯಾಡಿಸುತ್ತಾರೆ. “ಪಂಚಾಯತಿಯ ಕೆಲವು ಹೊಲಗಳಲ್ಲಿ ಕಡಲೆಕಾಯಿ ಕಿತ್ತು ತೂಗಿ, ಅದರ ಸರಾಸರಿಯ ಮೇಲೆ ಪರಿಹಾರ ಕೊಡುತ್ತಾರೆ” ಎಂದು ನಾನು ಬಿಡಿಸಿ ಹೇಳಿದಾಗ ನಮ್ಮ ತಂದೆ ತಕ್ಷಣ ಕೇಳಿದರು: “ಅಂಗಾದ್ರೆ ನಮ್ಮ ಹೊಲ ಒಂದೇ ಒಣಗಿದ್ರೆ ಏನೂ ಬರಲ್ವೇನಪ್ಪಾ?” ಯೋಜನೆಯ ಮರ್ಮವನ್ನೇ ಮುಟ್ಟಿದ ಪ್ರಶ್ನೆಯಿದು. ಓದು ಬಾರದವರಿಗೆ ವಿವೇಚನೆಯಿಲ್ಲವೆಂದು ಹೇಳುವವರು ಇದಕ್ಕೆ ಏನೆನ್ನುವರು?

ಪದವಿ ಪಡೆದು ನಮ್ಮಲ್ಲಿ ಹಲವರು ಉಪಾಧ್ಯಾಯರಾಗಬಹುದು, ಗುಮಾಸ್ತರಾಗಬಹುದು. ಎದುರಿಗಿರುವವನು ಸುಮ್ಮನಿದ್ದರೆ ಕೋಣವೆಂದು ಹಳಿಯುವ ಮೊದಲು ನಮ್ಮ ಕಿನ್ನರಿಯ ತಂತಿಯನ್ನು ಸರಿಮಾಡಿಕೊಳ್ಳುವುದು ಲೇಸು. ಕಲಿತವನ ಜಾಣ್ಮೆಗೆ ಅದೇ ಒರೆಗಲ್ಲು.