ಕಸದ ಫೋಟೊ ಹತ್ತಿರದಿಂದ ತೆಗೆಯಿರಿ

ಚಳ್ಳಕೆರೆ, ಮೊಳಕಾಲ್ಮುರಿನ ಹುಡುಗ ಹುಡುಗಿಯರೇ, ಕೈಯಲ್ಲಿ ಮೊಬೈಲ್ ಇದ್ದೇ ಇದೆ. ಸೆಲ್ಫಿ ಆದ ಮೇಲೆ ರಸ್ತೆಬದಿಯ ಕಸದ್ದೂ ಒಂದು ಫೋಟೊ ತೆಗೆಯಿರಿ. ದೂರದಿಂದ ಎಲ್ಲ ತಿಪ್ಪೆಯೂ ಒಂದೇ. ಕುಕ್ಕರಗಾಲಲ್ಲಿ ಕೂತು ನೋಡಿ. ಬಳ್ಳಾರಿ ಜಾಲಿಯ ಮುಳ್ಳಿಗೆ ಸಿಕ್ಕಿ ಪಟಪಟ ಬಡಿದುಕೊಳ್ಳುವ ತೆಳು ಕವರ್, ತಳದಲ್ಲಿ ಟೀ ಒಣಗಿದ ಲೋಟ, ಹರಿದ ಗುಟ್ಕಾ ಚೀಟಿ. ಬಳಸಿದ್ದು ಐದು ನಿಮಿಷ, ಮಣ್ಣಲ್ಲಿ ಉಳಿಯುವುದು ತಲೆಮಾರುಗಟ್ಟಲೆ. ನಮ್ಮದು ಬಯಲುಸೀಮೆ, ಗಾಳಿಗೆ ಹಾರಿದ ಕವರ್ ಕೊನೆಗೆ ಸೇರುವುದು ದನದ ಬಾಯಿಗೆ. ಅದು ಕರಗದೆ ಹೊಟ್ಟೆಯಲ್ಲೇ ಗಂಟು ಕಟ್ಟುತ್ತದೆ. ದೇವರ ಎತ್ತಿಗೆ ಕೈಮುಗಿಯುವ ಸೀಮೆಯಲ್ಲಿ ಇದೆಂಥ ಭಕ್ತಿಯೋ!

ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಲ್ಲೇ ನಿಷೇಧ ಬಂತು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ತಟ್ಟೆ, ಸ್ಟ್ರಾಗಳಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ. ಕಾನೂನು ಕಾಗದದಲ್ಲಿದೆ, ಕವರ್ ಚರಂಡಿಯಲ್ಲಿದೆ.

ಪೌರಕಾರ್ಮಿಕರ, ಚಿಂದಿ ಆಯುವವರ ಮುಖವನ್ನು ಕೇಳದೆ ತೆಗೆಯಬೇಡಿ, ತಪ್ಪು ಅವರದಲ್ಲ. ಜಾಗ, ದಿನಾಂಕ ಬರೆದು ಚಳ್ಳಕೆರೆಯವರು ನಗರಸಭೆಗೆ, ಮೊಳಕಾಲ್ಮುರಿನವರು ಪಟ್ಟಣ ಪಂಚಾಯಿತಿಗೆ ಕಳಿಸಿ. ವಾರ ಬಿಟ್ಟು ಅದೇ ಜಾಗದಲ್ಲಿ ನಿಂತು ಇನ್ನೊಂದು ಫೋಟೊ ತೆಗೆಯಿರಿ. ಸಂತೆಗೆ ಹೊರಟಾಗ ಮಾತ್ರ ಬಟ್ಟೆಚೀಲ ಮರೆಯಬೇಡಿ.